ತಹ್ರೀಮಳ ಕೊರೊಲಾಗೆ ಚಳಿಗಾಲದ ಜಾಗ

"ಮಾರಿಬಿಡು" ಅಂದ ಮಾಝ್, ಬಾನೆಟ್ ಕೆಳಗಿನಿಂದ ತಲೆ ಎತ್ತದೆ.

ತಹ್ರೀಮಳಿಗೆ ಮೈಯೆಲ್ಲ ಉರಿದುಹೋಯಿತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈ ದೇಶ ಬಿಟ್ಟು ಊರಿಗೆ, ಮೈಸೂರಿಗೆ ಹೋಗ್ತಿದ್ದೀನಿ, ಕೊರೊಲಾ ಕಾರನ್ನು ತಿಂಗಳ ಬಾಡಿಗೆ ಕೊಟ್ಟು ಸ್ಟೋರೇಜಿಗೆ ಹಾಕಲೋ ಬೇಡವೋ ಅಂತ ಕೇಳಿದ್ದಕ್ಕೆ ಇದಾ ಉತ್ತರ? ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗಿನಿಂದಿಳಿಯುವ ಕಾರು ನೋಡಿಕೊಳ್ಳುವವನು, ತಿಳಿದವನು ಅನ್ನೋ ನೆಪ ಹೇಳಿ ಅವನನ್ನು ಯೂನಿವರ್ಸಿಟಿ ಸಿಟಿಯ ತನ್ನ ಅಪಾರ್ಟ್‌ಮೆಂಟಿಗೆ ಕರೆಸಿಕೊಂಡಿದ್ದಳು. ನಿಜವಾಗಿ ಅವನನ್ನು ನೋಡಬೇಕಿತ್ತು, ಅಷ್ಟೇ. ಪುಣ್ಯಾತ್ಮ ಬಂದಾಗಿನಿಂದ ಇವಳನ್ನು ಬಿಟ್ಟು ರೇಡಿಯೇಟರ್ ನೋಡುತ್ತಿದ್ದ.

"ನಿಲ್ಲಿಸಿದ್ರೆ ಬ್ಯಾಟರಿ ಹೋಗುತ್ತೆ. ಇಲಿ ವೈರ್ ಕಡಿಯುತ್ತೆ."

"ನೀನು ಆಗಾಗ ಓಡಿಸಬಹುದಲ್ಲ?"

"ನಾನೇನು ನಿನ್ನ ಡ್ರೈವರ್ರಾ?"

"ಡ್ರೈವರ್ ಆಗೋ ಯೋಗ್ಯತೆ ಎಲ್ಲಿದೆ ನಿನಗೆ?"

ಅವನ ತುಟಿಯಂಚು ಅಲುಗಿತು. ನಗುವನ್ನು ನುಂಗಿಕೊಂಡ. ಆ ನುಂಗಿದ ನಗು ಅಂದರೆ ಅವಳಿಗೆ ಪ್ರಾಣ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ವಾಪಸ್ ಬರೋರಿಗೆ ತಾನೆ ಸ್ಟೋರೇಜು?" ಬಾನೆಟ್ ದಢಾರನೆ ಮುಚ್ಚಿದ. "ದುಬೈ ಹುಡುಗನ ಮನೆಯವರು ನಿನ್ನ ನೋಡೋಕೆ ಬರ್ತಾರಂತೆ."

"ಬರ್ತಾರೆ. ಬಾಯಿದ್ದೋರು ಬಂದು ಕೇಳ್ತಾರೆ. ನಾನು ಹೂಂ ಅಂದ್ರೂ ಅಂದೆ."

"ನಿಮ್ಮ ಅಬ್ಬಾ ನಮ್ಮನೆಗೆ ಒಂದು ಮಾತು ಹೇಳಿ ಕಳಿಸಿದ್ರೆ..."

"ನಮ್ಮ ಅಬ್ಬಾನಾ? ನಮ್ಮಲ್ಲಿ ಮದುವೆ ಪೈಗಾಮ್ ಹುಡುಗನ ಮನೆಯಿಂದ ಬರೋದು ಕಣೋ. ಇಷ್ಟೂ ಗೊತ್ತಿಲ್ವಾ?"

ಮಾಝ್ ಕತ್ತು ಕೆರೆದುಕೊಂಡ. "ನನ್ನ ಹಳೇ ರೂಮ್‌ಮೇಟ್ ರಕ್ಷಿತ್ ಹೇಳಿದ, ಹೆಣ್ಣಿನ ಕಡೆಯವರೇ ಮೊದಲು ಬರಬೇಕು, ಅವಸರ ಮಾಡಿ ಕೆಡಿಸ್ಕೋಬೇಡ ಅಂತ. ಅವನ ಮದುವೆ ಹಾಗೇ ಆಗಿದ್ದು."

"ಅವನದು ಉಡುಪಿ ಕಡೆ ಹಿಂದೂ ಮದುವೆ. ಅದನ್ನ ಕೇಳ್ಕೊಂಡು ನನ್ನನ್ನ ಎರಡು ವರ್ಷ ಕಾಯಿಸಿದೆಯಾ?" ಕೈಯಲ್ಲಿದ್ದ ಒರೆಸೋ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. "ನಿನ್ನಂಥ ಪೆದ್ದನನ್ನ ಪ್ರೀತಿಸಿದ್ದೀನಲ್ಲ, ನನಗೆ ಬುದ್ಧಿ ಇಲ್ಲ."

ಬಟ್ಟೆ ಅವನ ಹೆಗಲ ಮೇಲೆ ನೇತಾಡುತ್ತಿತ್ತು. ಅದನ್ನು ತೆಗೆಯಲೂ ಮರೆತು, ಮೊದಲ ಸಲ ಅವಳನ್ನೇ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ. ಅವನ ಅಮ್ಮ ಇರುವ ಬೆಂಗಳೂರಿನಲ್ಲಿ ಆಗಲೇ ಬೆಳಗಾಗಿತ್ತು.

"ಅಮ್ಮಿ, ಇವತ್ತೇ ಮೈಸೂರಿಗೆ ಹೊರಡಿ. ಗುಲಾಮ್ ಮೊಹಿಯುದ್ದೀನ್ ಅಂಕಲ್ ಮನೆಗೆ. ಅವರ ಮಗಳು ತಹ್ರೀಮಳನ್ನ ನನಗೆ ಕೇಳೋಕೆ. ಇಲ್ಲ ಅಮ್ಮಿ, ಕುಡಿದಿಲ್ಲ."

ಫೋನ್ ಇಟ್ಟು ಮೆಲ್ಲಗೆ ಅಂದ, "ಸ್ಟೋರೇಜ್ ಬೇಡ. ನಾನೇ ಓಡಿಸ್ತಿರ್ತೀನಿ."

"ಸ್ಟೋರೇಜಿಗೇ ಹಾಕು" ಅಂದಳು ತಹ್ರೀಮ್, ಕಣ್ಣೊರೆಸಿಕೊಂಡು, ದನಿ ಇನ್ನೂ ಗಡುಸಾಗಿಯೇ. "ನಿಕಾಹ್ ದಿನ ಮದುಮಗ ಇಲ್ಲೇ ಕಾರು ಓಡಿಸ್ಕೊಂಡಿದ್ರೆ ಮೈಸೂರಲ್ಲಿ ನಾನು ಯಾರನ್ನ ಕಟ್ಟಿಕೊಳ್ಳಲಿ?"