ಭಾನುವಾರ ಬಿಡುವಿಲ್ಲದ ಹುಡುಗಿ

ಅಪ್ಪ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಇಡೀ ಸಭೆ ತಲೆ ತಗ್ಗಿಸಿತ್ತು. ಕೀಬೋರ್ಡಿನ ಮುಂದೆ ಕೂತಿದ್ದ ಮಗಳೂ ತಲೆ ತಗ್ಗಿಸಿದ್ದಳು, ಭಕ್ತಿಯಿಂದಲ್ಲ, ನಿದ್ದೆಯಿಂದ. ಅಪ್ಪ ರೋಗಿಗಳಿಗಾಗಿ ಬೇಡಿಕೊಳ್ಳುತ್ತಿದ್ದಾಗ ಅವಳ ಮೊಣಕೈ ಜಾರಿ ಕೀಗಳ ಮೇಲೆ ಬಿತ್ತು. ಸ್ವರಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು.

"ಆಮೆನ್," ಎಂದುಬಿಟ್ಟರು ಅಪ್ಪ, ಅರ್ಧಕ್ಕೇ.

ಹಿಂದಿನ ಸಾಲಿನಲ್ಲಿ ಯಾರೋ ನಗು ನುಂಗಿದ ಸದ್ದು. ಆ ನಗು ಅವಳಿಗೆ ಗೊತ್ತು. ಕತ್ತೆತ್ತಿದಳು. ಎರಡು ಬೆಂಚುಗಳ ನಡುವೆ ಮೊಣಕಾಲು ಹಿಡಿಸದೆ ಒದ್ದಾಡುತ್ತ ಜಿರಾಫೆ ಕೂತಿದ್ದ!

ಫಿಸಿಯೋಥೆರಪಿ ಕಾಲೇಜಿನ ಮೂರನೇ ವರ್ಷದವರೆಲ್ಲ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಪ್ರಾಕ್ಟಿಕಲ್ಸ್‌ನಲ್ಲಿ ಅವನೇ ಅವಳ ಜೋಡಿ. ಆರಾಧನೆ ಮುಗಿದದ್ದೇ ತಡ, ಮೆಟ್ಟಿಲ ಬಳಿ ಹಿಡಿದಳು.

"ನೀನಿಲ್ಲೇನ್ ಮಾಡ್ತಿದೀಯ?"

"ಎಲ್ಲರಿಗೂ ಸ್ವಾಗತ ಅಂತ ಬಾಗಿಲ ಮೇಲೆ ಬರ್ದಿದೆ."

"ನಗೋದಕ್ಕೂ ಸ್ವಾಗತ ಅಂತ ಬರ್ದಿದ್ಯಾ?"

"ಅದು ನಗು ಅಲ್ಲ, ಕೆಮ್ಮು. ಭಕ್ತಿಯ ಕೆಮ್ಮು." ಅವನ ಕಣ್ಣಂಚು ಇನ್ನೂ ನಗುತ್ತಿತ್ತು. "ಪ್ರತಿ ಭಾನುವಾರ ಗ್ರೂಪ್ ಸ್ಟಡಿ ತಪ್ಪಿಸ್ಕೊಂಡು ಸಂಬಂಧಿಕರ ಮನೇಲಿ ಕೆಲಸ ಅಂತಿದ್ದೆ. ಸುಳ್ಳೇನಲ್ಲ ಬಿಡು. ತಂದೆಯ ಮನೇನೇ."

ಅವಳಿಗೆ ಕೆನ್ನೆ ಬಿಸಿಯಾಯಿತು. "ಪಾಸ್ಟರ್ ಮಗಳು ಅಂತ ಗೊತ್ತಾದ್ರೆ ಕ್ಲಾಸಲ್ಲಿ ಎಲ್ರೂ ನನ್ನ ಮುಂದೆ ಜೋಕ್ ಹೇಳೋದ್ನೇ ನಿಲ್ಲಿಸ್ತಾರೆ."

"ನಾನು ನಿಲ್ಸಲ್ಲ." ಅವನು ಸ್ವಲ್ಪ ಗಂಭೀರನಾದ. "ಅಜ್ಜಿ ಜೊತೆ ನಾನೂ ಚರ್ಚಿಗೆ ಹೋಗ್ತಿದ್ದೆ. ಕಾಲೇಜ್ ಸೇರಿದ್ಮೇಲೆ ಓದೋಕೆ ಟೈಮ್ ಸಾಲ್ದೆ ಬಿಟ್ಟೆ. ನಿಂಗೂ ಸಾಲಲ್ಲ, ಆದ್ರೂ ನೀನು ಬಿಟ್ಟಿಲ್ಲ ಅಂತ ಇಲ್ಲಿಗೆ ಬರೋ ಅಜ್ಜಿಯ ಗೆಳತಿಯಿಂದ ಕೇಳ್ದೆ. ಎರಡನ್ನೂ ಹೇಗೆ ಸಂಭಾಳಿಸ್ತೀಯ ಅಂತ ನೋಡೋಕೆ ಬಂದೆ."

ನೋಡಿದೆಯಲ್ಲ, ಎಂದುಕೊಂಡಳು. ಸಂಭಾಳಿಸುತ್ತಿಲ್ಲ, ಸಿಕ್ಕಿಹಾಕಿಕೊಂಡಿದ್ದೇನೆ. ಅಷ್ಟರಲ್ಲಿ ಸಂಡೇ ಸ್ಕೂಲಿನ ಮಕ್ಕಳು "ಅಕ್ಕಾ, ಅಕ್ಕಾ" ಎಂದು ಅವಳ ದುಪಟ್ಟಾ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಅವಳ ವಾರಕ್ಕೆ ಕಿಟಕಿಗಳೇ ಇರಲಿಲ್ಲ. ಬೆಳಗ್ಗೆ ಆಸ್ಪತ್ರೆಯ ವಾರ್ಡು, ಮಧ್ಯಾಹ್ನ ತರಗತಿ, ಸಂಜೆಗೆ ಪ್ರಾರ್ಥನಾಕೂಟ ಅಥವಾ ಹಾಡಿನ ಅಭ್ಯಾಸ ಅಥವಾ ಯುವಜನರ ಸಭೆ. ಮೊದಲು ಕೀಬೋರ್ಡು ಅಮ್ಮನದಾಗಿತ್ತು. ಅಮ್ಮನ ಬೆರಳ ಗಂಟುಗಳು ಊದಿ ಸೆಟೆದುಕೊಂಡ ಮೇಲೆ ಆ ಸ್ಟೂಲಿಗೆ ಮಗಳು ಬಂದಳು. ಬರುತ್ತೀಯಾ ಎಂದು ಯಾರೂ ಕೇಳಿರಲಿಲ್ಲ.

ದಣಿವನ್ನಾದರೂ ಸಹಿಸಬಹುದಿತ್ತು. ಅವಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಬೇರೆ. ತನ್ನಷ್ಟಕ್ಕೆ ತಾನು ಮಂಡಿಯೂರಿ ಪ್ರಾರ್ಥಿಸಿ ಎಷ್ಟೋ ತಿಂಗಳಾಗಿತ್ತು. ದೇವರ ಮನೆಯ ಚಾಕರಿಯನ್ನೆಲ್ಲ ಮಾಡುತ್ತ, ಮನೆಯ ಯಜಮಾನನೊಂದಿಗೆ ಮಾತ್ರ ಮಾತು ಬಿಟ್ಟವಳ ಹಾಗಿದ್ದಳು.

ಸೋಮವಾರ ಲ್ಯಾಬಿನಲ್ಲಿ ಅವಳು ರೋಗಿ, ಅವನು ಚಿಕಿತ್ಸಕ. ಅವಳು ಮಂಚದ ಮೇಲೆ ಬೋರಲಾಗಿ ಮಲಗಿದಳು. ಅವನ ಹೆಬ್ಬೆರಳು ಕುತ್ತಿಗೆಯ ಬುಡದಿಂದ ಹೆಗಲಿನತ್ತ ಮೆಲ್ಲನೆ ಸರಿಯಿತು.

"ಇಲ್ಲಿ ಸ್ನಾಯು ಇರ್ಬೇಕಿತ್ತು," ಎಂದ. "ನೀನು ಕಲ್ಲಿಟ್ಕೊಂಡಿದೀಯ."

"ಕಲ್ಲಿದ್ರೆ ಕರಗಿಸು. ಮಾರ್ಕ್ಸ್ ಅದಕ್ಕೇ ತಾನೆ?"

"ಉಸಿರು ಬಿಡು ಮೊದ್ಲು. ಯಾವಾಗ್ಲೂ ಹಿಡ್ಕೊಂಡೇ ಇರ್ತೀಯ."

ಅವಳು ಉಸಿರು ಬಿಟ್ಟಳು. ಅದರ ಹಿಂದೆಯೇ ಕಣ್ಣೀರೂ ಬಂತು, ಕರೆಯದೆ. ಅವನ ಕೈ ನಿಂತಿತು. ಉಳಿದವರಿಗೆ ಅವಳ ಮುಖ ಕಾಣದಂತೆ ಮಂಚದ ಈ ಬದಿಗೆ ಬಂದು ನಿಂತ. ಆ ಉದ್ದನೆಯ ನೆರಳಿನಲ್ಲಿ ಅವಳು ಒಂದು ಗಳಿಗೆ ಯಾರ ಮಗಳೂ ಆಗಿರಬೇಕಿರಲಿಲ್ಲ.

"ಅಲ್ಲೇನು ಪಿಸುಪಿಸು?" ಎಂದು ಗದರಿದ ಮೇಡಂ, ಅದೇ ಉಸಿರಿನಲ್ಲಿ ಇನ್ನೊಂದು ಸುದ್ದಿ ಹೇಳಿದರು. ಹೊರಗಿನ ಪರೀಕ್ಷಕರಿಗೆ ಬೇರೆ ದಿನ ಬಿಡುವಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಬರುವ ಭಾನುವಾರ ಬೆಳಗ್ಗೆ. ತಪ್ಪಿಸಿಕೊಂಡವರು ಮುಂದಿನ ವರ್ಷವೇ ಬರಬೇಕು.

ಬರುವ ಭಾನುವಾರ ಚರ್ಚಿನಲ್ಲಿ ದೀಕ್ಷಾಸ್ನಾನ. ಬಿಷಪ್ ಬರುವವರಿದ್ದರು.

ಮನೆಯಲ್ಲಿ ಅವಳು ದಿನವೂ ಬಾಯಿ ತೆರೆದಳು, ದಿನವೂ ಮುಚ್ಚಿಕೊಂಡಳು. ಊಟಕ್ಕೆ ಕೂತಾಗ ಅಪ್ಪ, "ನೀನಿಲ್ದಿದ್ರೆ ನಮ್ಮ ಚರ್ಚು ಮೂಕ ಕಣಮ್ಮ," ಎಂದು ತಲೆ ಸವರುತ್ತಿದ್ದರು. ಬೈದಿದ್ದರೆ ಜಗಳವಾಡಬಹುದಿತ್ತು. ಹೊಗಳಿಕೆಗೆ ಎದುರುತ್ತರ ಎಲ್ಲಿಂದ ತರುವುದು?

ಶುಕ್ರವಾರ ಕಾರಿಡಾರಿನಲ್ಲಿ ಜಿರಾಫೆಗೆ ಹೇಳಿದಳು, "ನೀನು ಬೇರೆ ಜೋಡಿ ನೋಡ್ಕೋ. ನಾನು ಬರಲ್ಲ."

"ನಿಮ್ಮಪ್ಪಂಗೆ ಹೇಳಿದ್ಯಾ?"

"ಅವ್ರಿಗೆ ಬೇಜಾರಾಗುತ್ತೆ."

"ಆಗ್ಲಿ. ಬೇಜಾರಿಂದ ಯಾರ ಮೂಳೇನೂ ಮುರಿಯಲ್ಲ."

"ನಿಂಗೇನೋ ಗೊತ್ತು? ನೀನು ದೇವರನ್ನ ಬಿಟ್ಟು ಹೋದವನು!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಮುಖ ಬಾಡಿತು.

"ಹೌದು," ಎಂದ ನಿಧಾನವಾಗಿ. "ಬಿಟ್ರೆ ಬಿಡುವು ಸಿಗುತ್ತೆ ಅನ್ಕೊಂಡಿದ್ದೆ. ಸಿಕ್ಕಿದ್ದು ಬರೀ ಖಾಲಿ ಭಾನುವಾರ. ಆವತ್ತು ಅಲ್ಲಿ ಕೂತಾಗ, ಎಷ್ಟೋ ದಿನದ ಮೇಲೆ ಯಾರೋ ನನ್ನ ಗುರುತು ಹಿಡಿದ ಹಾಗಾಯ್ತು. ಆದ್ರೆ ನಿನ್ನ ಮುಖ ನೋಡ್ದೆ. ಅಲ್ಲೇ ಕೂತಿದ್ರೂ ನೀನು ಅಲ್ಲಿರ್ಲಿಲ್ಲ."

ಅವನು ಹೋದ. ಅವಳು ಗೋಡೆಗೊರಗಿ ನಿಂತೇ ಇದ್ದಳು.

ಶನಿವಾರ ಸಂಜೆ ಅಭ್ಯಾಸ ಮುಗಿದು ಎಲ್ಲರೂ ಹೋಗಿದ್ದರು. ಅಪ್ಪ ಕುರ್ಚಿ ಜೋಡಿಸುತ್ತಿದ್ದರು, ಅಮ್ಮ ಹೂದಾನಿಯ ನೀರು ಬದಲಿಸುತ್ತಿದ್ದಳು.

"ಅಪ್ಪ, ನಾಳೆ ನಂಗೆ ಪರೀಕ್ಷೆ. ಹೋಗ್ದಿದ್ರೆ ವರ್ಷ ಹೋಗುತ್ತೆ."

ಅಪ್ಪನ ಕೈಯಲ್ಲಿ ಕುರ್ಚಿ ಹಾಗೇ ನಿಂತಿತು. "ಈಗ ಹೇಳ್ತೀಯಾ? ಬಿಷಪ್ ಬರ್ತಿದಾರೆ. ಯಾರಮ್ಮ ನುಡಿಸ್ತಾರೆ?"

"ಯಾರೂ ನುಡಿಸಲ್ಲ," ಎಂದಳು ಅಮ್ಮ, ತಿರುಗದೆಯೇ. "ಎಲ್ರಿಗೂ ಬಾಯಿದೆ, ಹಾಡ್ತಾರೆ."

"ಇನ್ನೊಂದಿದೆ ಅಪ್ಪ." ಅವಳು ಸ್ಟೂಲಿನಿಂದ ಎದ್ದಳು. "ನಾನು ಪ್ರಾರ್ಥನೆ ಮಾಡ್ತಿಲ್ಲ. ತುಂಬ ದಿನದಿಂದ. ಕಣ್ಣು ಮುಚ್ಚಿದ್ರೆ ಮುಂದಿನ ಕೆಲಸ ಬಿಟ್ಟು ಬೇರೇನೂ ಬರಲ್ಲ."

ಅಪ್ಪ ಆ ಕುರ್ಚಿಯಲ್ಲೇ ಕುಸಿದು ಕೂತರು.

"ವಾರವಾರ ನನ್ನ ಎದುರಿಗೇ ಕೂತಿದ್ಯಲ್ಲೇ," ಎಂದರು. "ನಂಗೆ ಕಾಣ್ಲಿಲ್ವಲ್ಲ."

ತಬ್ಬಿಕೊಳ್ಳಲಿಲ್ಲ, ಹರಸಲಿಲ್ಲ. ಹೋಗಿ ಬಾ ಎಂದರು, ಒಣಗಿದ ದನಿಯಲ್ಲಿ. ಅಷ್ಟನ್ನೇ ಹಿಡಿದುಕೊಂಡು ಮರುದಿನ ಬೆಳಗ್ಗೆ ಅವಳು ಪರೀಕ್ಷೆಗೆ ಹೋದಳು.

ಜಿರಾಫೆ ಬೇರೆ ಜೋಡಿ ಹುಡುಕಿರಲಿಲ್ಲ. ಅವಳು ಬಾಗಿಲಲ್ಲಿ ಕಾಣಿಸಿದಾಗ ಕಿವಿಯವರೆಗೂ ನಕ್ಕ. ಪರೀಕ್ಷಕರು ಹೆಗಲ ಕೀಲಿನ ಚಲನೆ ತೋರಿಸಲು ಹೇಳಿದರು. ಅವಳು ಅವನ ತೋಳನ್ನು ಅಂಗೈಯಲ್ಲಿ ಹೊತ್ತು ಮೆಲ್ಲಗೆ ಮೇಲೆತ್ತಿದಳು. ಅವನು ಪೂರ್ತಿ ಭಾರವನ್ನು ಅವಳಿಗೇ ಬಿಟ್ಟುಕೊಟ್ಟಿದ್ದ.

"ಪೇಶೆಂಟ್ ಇಷ್ಟು ನಂಬೋದು ಅಪರೂಪ," ಎಂದರು ಪರೀಕ್ಷಕರು.

ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

ಹೊರಗೆ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಾಗ ಅವಳೇ ಮೊದಲು ಮಾತಾಡಿದಳು. "ಆವತ್ತು ಹಾಗನ್ಬಾರದಿತ್ತು. ಸಾರಿ."

"ಅದನ್ನ ಮರೆತಾಯ್ತು. ನಾನು ಚರ್ಚಿಗೆ ಬಂದಿದ್ದಕ್ಕೆ ಇನ್ನೊಂದು ಕಾರಣ ಇತ್ತು. ವಾರಕ್ಕೆ ಆರೇ ದಿನ ನಿನ್ನ ನೋಡಿದ್ರೆ ನಂಗೆ ಸಾಲ್ತಿರ್ಲಿಲ್ಲ."

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ನಂಗೂ ನೀನಿಷ್ಟ ಕಣೋ. ಅದೇ ಭಯ. ಬುಧವಾರ ಮತ್ತೆ ಪ್ರಾರ್ಥನಾಕೂಟ, ಸೋಮವಾರದಿಂದ ವಾರ್ಡು. ಅಪ್ಪ ನಿನ್ನೆಯಿಂದ ಸರಿಯಾಗಿ ಮುಖ ನೋಡಿಲ್ಲ. ನಿನ್ನನ್ನ ಎಲ್ಲಿ ತುರುಕ್ಲಿ? ನೀನೂ ಒಂದು ಕೆಲಸ ಆಗ್ಬಿಟ್ರೆ?"

"ತುರುಕ್ಬೇಡ. ಭಾನುವಾರ ಹಿಂದಿನ ಬೆಂಚಲ್ಲಿ ಕೂತಿರ್ತೀನಿ. ನಿಂಗೋಸ್ಕರ ಮಾತ್ರ ಅಲ್ಲ, ನಂಗೋಸ್ಕರವೂ."

ಅವಳು ಅವನ ಕೈ ಹಿಡಿದಳು. ಕಣ್ಣು ಮುಚ್ಚಿದಳು. ಮುಂದಿನ ಕೆಲಸಗಳು ಸಾಲಾಗಿ ಬಂದವು; ಬರಲಿ ಎಂದು ಬಿಟ್ಟಳು. ಬಾಯಿಪಾಠದ ಮಾತು ಒಂದೂ ನೆನಪಾಗಲಿಲ್ಲ.

"ಕರ್ತನೇ," ಎಂದಳು, ಅವನಿಗೂ ಕೇಳುವಂತೆ. "ಸುಸ್ತಾಗಿದೆ. ಸ್ವಲ್ಪ ಹೊತ್ತು ಸುಮ್ನೆ ನಿನ್ನ ಹತ್ರ ಕೂತ್ಕೊಳ್ತೀನಿ."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. "ಬರ್ತೀರಾ, ಇಲ್ವಾ?" ಎಂದ ಡ್ರೈವರ್. ಈಗ ಹತ್ತಿದರೆ ಕೊನೆಯ ಕೀರ್ತನೆಗಾದರೂ ಚರ್ಚು ಮುಟ್ಟಬಹುದಿತ್ತು.

ಅವಳು ಕಣ್ಣು ತೆರೆಯಲಿಲ್ಲ.

"ಮುಂದಿನದಕ್ಕೆ ಬರ್ತೀವಿ," ಎಂದಳು.