ನಕ್ಷತ್ರದ ಕೆಳಗೆ ಎರಡು ಹೆಸರು

"ಕಂಗ್ರಾಟ್ಸ್ ಝೀಟಾ! ನಮಗೆ ಒಂದು ಮಾತೂ ಹೇಳಲಿಲ್ಲ ಅಲ್ವಾ?"

ಬೆಳಗ್ಗೆಯೇ ಗ್ಲ್ಯಾಡಿಸ್ ಆಂಟಿಯ ಫೋನು. ಕಾಪುವಿನ ಇಗರ್ಜಿಯಲ್ಲಿ ಕ್ರಿಸ್ಮಸ್ ನಕ್ಷತ್ರ ಸ್ಪರ್ಧೆಯಂತೆ. ಮೊದಲ ಬಹುಮಾನದ ನಕ್ಷತ್ರದ ಕೆಳಗೆ 'ಝೀಟಾ, ಬೆಳ್ಮಣ್ – ಡೆನ್ವರ್, ಕಾಪು' ಎಂದಿತ್ತಂತೆ. ಮೈಕಿನಲ್ಲಿ ಜೋಡಿ ಹೆಸರು ಕೂಗಿದ್ದೇ ತಡ, ಆಂಟಿ ನಿಂತಲ್ಲೇ ನಿಶ್ಚಿತಾರ್ಥ ಮುಗಿಸಿಬಿಟ್ಟಿದ್ದರು.

ಅಮ್ಮ ವಿಲ್ಮಾ ದೋಸೆ ಮಗುಚುವುದನ್ನು ಬಿಟ್ಟು ಮಗಳನ್ನು ದಿಟ್ಟಿಸಿದರು. "ಯಾರು ಈ ಡೆನ್ವರ್?"

"ನನಗೆ ಎಂತ ಗೊತ್ತು ಮಮ್ಮಿ!"

ಆಳು ಗೊತ್ತಿಲ್ಲದಿದ್ದರೂ ಹೆಸರು ಅಲ್ಲಿಗೆ ಹೇಗೆ ಹೋಯಿತೆಂಬ ಅಂದಾಜು ಅವಳಿಗೆ ಆಗಲೇ ಸಿಕ್ಕಿತ್ತು. ಹನ್ನೆರಡು ಮೂಲೆಯ ಕಾಗದದ ನಕ್ಷತ್ರದ ನಕ್ಷೆಯನ್ನು ಝೀಟಾ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಳು. ಯಾರು ಬೇಕಾದರೂ ಮಾಡಬಹುದು, ಬದಲಾಯಿಸಬಹುದು. ಅವಳ ಹೆಸರು ಹಾಕಿದರೆ ಸಾಕು. ಕಳೆದ ವರ್ಷ ಮಣಿಪಾಲದ ಒಂದು ಹೋಟೆಲಿನವರು ಅಂಥ ನಲವತ್ತು ನಕ್ಷತ್ರ ತೂಗಿಸಿ, ಹೆಸರನ್ನು ಮಾತ್ರ ನುಂಗಿ ನೀರು ಕುಡಿದಿದ್ದರು. ಅಂದಿನಿಂದ ಅವಳಿಗೆ ಯಾರ ಮೇಲೂ ನಂಬಿಕೆಯಿಲ್ಲ. ಈಗ ನೋಡಿದರೆ ಒಬ್ಬ ಮಹಾರಾಯ ಹೆಸರು ಹಾಕಿಯೇ ಮಾನ ಕಳೆದಿದ್ದಾನೆ!

ಸಿಕ್ಕಿದ ಬಸ್ಸು ಹತ್ತಿ ಕಾಪುವಿಗೆ ಹೋದಳು.

ಇಗರ್ಜಿಯ ಅಂಗಳದಲ್ಲಿ ಏಣಿಯ ಮೇಲೆ ಒಬ್ಬ ವಯರು ಬಿಚ್ಚುತ್ತಿದ್ದ. ಕೆಳಗೆ ಇಣುಕಿ, ಅವಳನ್ನು ಕಂಡು, ಬಾಯಲ್ಲಿದ್ದ ಟೇಪನ್ನು ಬೀಳಿಸಿದ.

"ನೀವು... ಝೀಟಾ ಅಲ್ವಾ? ನಕ್ಷೆಯ ಬದಿಯ ಫೋಟೋದಲ್ಲಿ ನೋಡಿದ್ದೇನೆ."

ಇವನೇ ಡೆನ್ವರ್, ಫೋಟೋ ಬೇರೆ ನೋಡಿದ್ದಾನೆ! "ಮೊದಲು ಕೆಳಗೆ ಇಳಿಯಿರಿ. ನನ್ನ ಹೆಸರು ತೆಗೆಯಿರಿ."

ಡೆನ್ವರ್ ಇಳಿದ. ಮಸ್ಕತ್ತಿನಲ್ಲಿ ಆರು ವರ್ಷ ಎಸಿ ರಿಪೇರಿ ಮಾಡಿ ಬಂದವನು. ಕಿವಿ ಮಾತ್ರ ಶಾಲೆಯ ಹುಡುಗನಂತೆ ಕೆಂಪಾಗಿತ್ತು.

"ತೆಗೆಯುತ್ತೇನೆ. ಬದಲಾಯಿಸಿದ್ದು ಇಷ್ಟವಾಗದಿದ್ದರೆ ಹೆಸರು ತೆಗೆಸುವ ಹಕ್ಕು ನಿಮಗೆ ಉಂಟು. ನಕ್ಷೆಯ ಜೊತೆ ನೀವು ಹಾಕಿದ ಲೈಸೆನ್ಸಿನ ಷರತ್ತಿನಲ್ಲೇ ಉಂಟು."

"ಅದನ್ನೆಲ್ಲ ಓದಿದ್ದೀರಾ? ಯಾರೂ ಓದುವುದಿಲ್ಲ."

"ಎರಡು ಸಲ ಓದಿದೆ. ನಿಮಗೆ ಮೇಲ್ ಕೂಡ ಹಾಕಿದ್ದೆ. ನೀವು ಉತ್ತರ ಕೊಡಲಿಲ್ಲ."

ಝೀಟಾ ಅನುಮಾನದಿಂದಲೇ ಮೊಬೈಲ್ ತೆಗೆದಳು. ಯಾರೋ ವ್ಯಾಪಾರಿ ಎಂದು ತೆರೆಯದೆ ಬಿಟ್ಟಿದ್ದ ಮೂರು ಮೇಲ್‌ಗಳು ಇದ್ದವು. 'ಕಡಲ ಗಾಳಿಗೆ ಮೂಲೆ ಹರಿಯುತ್ತದೆ, ಒಳಗೆ ಮೀನಿನ ಹಳೆಯ ಬಲೆ ಹಾಕಬಹುದಾ?' 'ಬಲೆ ಹಾಕಿದೆ, ಈಗ ಹರಿಯುವುದಿಲ್ಲ. ಕಾಗದವನ್ನು ಇಷ್ಟು ಚೆಂದ ಮಡಚುವುದು ನಿಮಗೆ ಹೇಗೆ ಹೊಳೆಯಿತು?' 'ನಿಮ್ಮ ಹೆಸರು ಎಲ್ಲಿ ಹಾಕಬೇಕು? ತಪ್ಪಾಗಬಾರದು.'

ಅವಳು ತಲೆಯೆತ್ತಿದಳು. ಗಾಳಿ ಜೋರಾಗಿತ್ತು, ನಕ್ಷತ್ರದ ಒಂದು ಮೂಲೆಯೂ ಹರಿದಿರಲಿಲ್ಲ. ಕೆಳಗಿನ ರಟ್ಟಿನಲ್ಲಿ ಅವಳ ಹೆಸರಿನ ಬದಿಗೆ ಸಣ್ಣದಾಗಿ 'ವಿನ್ಯಾಸ' ಎಂದೂ ಅವನ ಹೆಸರಿನ ಬದಿಗೆ 'ಬಲೆ ಹಾಕಿದ್ದು' ಎಂದೂ ಇತ್ತು. ಆಂಟಿಯ ಕಣ್ಣಿಗೆ ಅದು ಬೀಳಬೇಕಲ್ಲ! ಈಗ ಹೆಸರು ತೆಗೆಸಿದರೆ ಊರಿನ ಬಾಯಿ ಮುಚ್ಚುತ್ತದೆ, ಆದರೆ ಅವಳ ನಕ್ಷತ್ರ ಮತ್ತೆ ಅನಾಥ.

"ಒಂದು ನಿಜ ಹೇಳಿ. ಹೀಗೆ ಜೋಡಿಯಾಗಿ ಬೇಕೆಂದೇ ಬರೆದದ್ದಾ?"

"ಬರೆಯುವಾಗ ಇಲ್ಲ, ದೇವರಾಣೆ." ಡೆನ್ವರ್ ನೆಲ ನೋಡಿದ. "ಆದರೆ ನಿನ್ನೆ ಮೈಕಿನಲ್ಲಿ ಕೂಗಿದಾಗ ಹಾಗಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಕೇಳಲಿಕ್ಕೆ ಚೆಂದ ಇತ್ತು."

ನಗು ಬಾರದಂತೆ ಝೀಟಾ ತುಟಿ ಕಚ್ಚಿಕೊಂಡಳು. ಇಂಥ ಕಳ್ಳನನ್ನು ಅವಳು ಕಂಡೇ ಇರಲಿಲ್ಲ. ಕೇಳಿದ ಕೂಡಲೇ ಒಪ್ಪಿಕೊಳ್ಳುವವನು.

ಡೆನ್ವರ್ ಕತ್ತರಿ ಹಿಡಿದು ಏಣಿಯ ಕಡೆ ತಿರುಗಿದ.

"ಬೇಡ ಮಾರಾಯ್ರೆ, ಇರಲಿ!" ಅವಳು ಅವನ ಅಂಗಿಯ ತೋಳು ಹಿಡಿದಿದ್ದಳು. ಬಿಡುವುದು ನೆನಪಾಗಲಿಲ್ಲ.

ಫೋನು ಹೊಡೆದುಕೊಂಡಿತು. ಮಮ್ಮಿ.

"ಹೆಸರು ತೆಗೆಸಿದೆಯಾ?"

"ಇಲ್ಲ ಮಮ್ಮಿ. ಸರಿಯಾಗಿಯೇ ಬರೆದಿದ್ದಾರೆ."

"ಮತ್ತೆ ಗ್ಲ್ಯಾಡಿಸ್‌ಗೆ ಎಂತ ಹೇಳುವುದು?"

ಝೀಟಾ ಡೆನ್ವರನ ಕಿವಿಯನ್ನೊಮ್ಮೆ ನೋಡಿದಳು. ಇನ್ನೂ ಕೆಂಪಗೇ ಇತ್ತು.

"ಆಂಟಿ ಸ್ವಲ್ಪ ಅವಸರ ಮಾಡಿದರು ಅಂತ ಹೇಳಿ."