ನಲವತ್ತು ಸೆಕೆಂಡಿನ ಎರೋನಿ

ನಲವತ್ತನೇ ಸೆಕೆಂಡಿಗೆ ಎರೋನಿ ಮತ್ತೆ ಮರಳಿನ ಮೇಲೆ ಬಿದ್ದ.

"ಭುಜ ಬಿದ್ದೋಯ್ತು, ಕೋಚಮ್ಮ."

"ಬಿದ್ದಿದ್ದು ಭುಜ ಅಲ್ಲ, ನನ್ನ ಮಾನ. ಏಳು ಮೇಲೆ!"

ಸುವಾ ಪಟ್ಟಣದ ನಮ್ಮ ದೋಣಿ ಕ್ಲಬ್ಬಿನಲ್ಲಿ ಆರು ಜನರ ದೋಣಿಗೆ ನಾನೇ ಕೋಚ್, ಮುಂದಿನ ಸೀಟೂ ನನ್ನದೇ. ನುಕುಲಾವು ದ್ವೀಪ ಮುಟ್ಟಿ ಬರುವಷ್ಟು ದೂರ ಹುಟ್ಟು ಹಾಕಲು ತೋಳಿನ ಬಲ ಸಾಲದು, ಭುಜ ತಾಳಬೇಕು. ಅದಕ್ಕೇ ಎಲ್ಲರಿಗೂ ಪ್ಲ್ಯಾಂಕ್: ಅಂಗೈ ಊರಿ, ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿದು ಎರಡು ನಿಮಿಷ. ಆಗದವರಿಗೆ ಬೆಳಗ್ಗೆ ನನ್ನ ಜೊತೆ ಒಂದು ಗಂಟೆ ಹೆಚ್ಚಿನ ಅಭ್ಯಾಸ.

ಮೂರು ವಾರದಿಂದ ಆಗದವನು ಇವನೊಬ್ಬನೇ.

"ವಸೀತಿ, ಇವತ್ತು ಕಿವಿ ಹಿಂದೆ ಹೂ ಮುಡಿದಿಲ್ವಲ್ಲ?"

"ಉಸಿರು ಉಳಿಸ್ಕೋ."

"ನಿನ್ನ ನೋಡ್ತಾ ಎಲ್ಲಿ ಉಳಿಯುತ್ತೆ?"

ಮತ್ತೆ ಧೊಪ್!

ಶುಕ್ರವಾರ, ಪಂದ್ಯಕ್ಕೆ ಹೋಗುವ ಆರು ಜನರ ಪಟ್ಟಿಯಲ್ಲಿ ಅವನ ಹೆಸರು ಹೊಡೆದು, ಕ್ಲಬ್ಬಿನ ಇನ್ನೊಬ್ಬ ಹುಡುಗ ವೈಸೇಯನ ಹೆಸರು ಬರೆದೆ. ಯಾಕೋ ಅಂದು ಊಟ ಸೇರಲಿಲ್ಲ.

ಶನಿವಾರ ಅಮ್ಮನ ಜೊತೆ ಚರ್ಚ್ ಗುಡಿಸಲು ಹೋದರೆ, ಅಟ್ಟಣೆಯ ಮೇಲೆ ನಿಂತು ಚಾವಣಿಗೆ ಬಣ್ಣ ಬಳಿಯುತ್ತಿದ್ದವನು ಎರೋನಿ! ಇಡೀ ಚರ್ಚ್ ಗುಡಿಸಿ ಮುಗಿಸಿದೆ. ತಲೆಯ ಮೇಲೆತ್ತಿದ ಅವನ ಕೈ ಒಮ್ಮೆಯಾದರೂ ಕೆಳಗಿಳಿಯಬೇಡವೇ? ಸಾಲದ್ದಕ್ಕೆ ಹಾಡು ಬೇರೆ.

"ಇಳಿಯೋ ಕೆಳಗೆ!"

ಇಳಿದ. ರೆಪ್ಪೆಯ ಮೇಲೆಲ್ಲ ಬಿಳಿ ಬಣ್ಣ.

"ಮೂರು ವಾರ ನನ್ನ ಬೆಳಗಿನ ನಿದ್ದೆ ಹಾಳು ಮಾಡಿದ್ಯಲ್ಲೋ!"

"ಎರಡು ನಿಮಿಷ ನಿಂತ್ಬಿಟ್ಟಿದ್ರೆ, ಬೆಳಬೆಳಗ್ಗೆ ನೀನೊಬ್ಳೇ ನಂಗೆಲ್ಲಿ ಸಿಗ್ತಿದ್ದೆ?"

"ನೆಟ್ಟಗೆ ಹೇಳೋಕೆ ಬಾಯಿರ್ಲಿಲ್ವಾ?"

"ತಮಾಷೆಗೆ ಇತ್ತು," ಎಂದು ತಲೆ ತಗ್ಗಿಸಿದ. "ನಿಜ ಹೇಳೋಕೆ ಇರ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಕರಗಿಬಿಡುತ್ತದೋ ಎಂದು ಮತ್ತಷ್ಟು ಸಿಟ್ಟು ಬಂತು.

"ಪೆದ್ದ, ನಿನ್ನ ಹೆಸರು ಹೊಡೆದು ಹಾಕಿದೀನಿ. ವೈಸೇಯಂಗೆ ಮಾತು ಕೊಟ್ಟಾಯ್ತು. ಇನ್ನು ಬದಲಾಯಿಸಲ್ಲ."

ಅವನ ಮುಖ ಬಾಡಿತು. ಆ ಸೀಟಿಗಾಗಿ ಅವನು ಎರಡು ವರ್ಷ ಕಾದಿದ್ದ. ಕೈಯಲ್ಲಿದ್ದ ಬ್ರಷ್ಷನ್ನು ಸುಮ್ಮನೆ ತಿರುಗಿಸುತ್ತಾ ನಿಂತ.

"ಕೊಟ್ಟ ಮಾತು ಹಂಗೇ ಇರ್ಲಿ, ವಸೀತಿ. ತಪ್ಪು ನಂದು."

ಅವನು ಗೋಗರೆದಿದ್ದರೆ ಬೈಯಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ, ಹಾಳಾದವನು.

ಪಂದ್ಯದಲ್ಲಿ ಮೂರನೆಯವರಾಗಿ ಬಂದೆವು. ಅವನಿದ್ದಿದ್ದರೆ ಎರಡನೆಯವರಾದರೂ ಆಗುತ್ತಿದ್ದೆವು ಎಂದು ಶಪಿಸುತ್ತಲೇ ದಡಕ್ಕೆ ಬಂದರೆ, ಎದೆಮಟ್ಟದ ನೀರಿನಲ್ಲಿ ನಿಂತು ನಮ್ಮ ದೋಣಿ ಹಿಡಿದವನು ಅವನೇ.

"ನಮ್ಮ ದೊಡ್ಡಪ್ಪ ತಿಮಿಂಗಿಲದ ಹಲ್ಲು ತೆಗೆದಿಟ್ಟಿದ್ದಾರೆ," ಎಂದ, ನನಗಷ್ಟೇ ಕೇಳುವಂತೆ. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವವರು ಒಯ್ಯುವ ಕಾಣಿಕೆ ಅದು. "ಹೆಣ್ಣು ಕೇಳೋಕೆ ನಿಮ್ಮನೆಗೆ ಬರಬಹುದಾ ಅಂತ ಕೇಳ್ತಿದ್ದಾರೆ."

"ಇದನ್ನ ಕೇಳೋಕೆ ಇದೇ ಹೊತ್ತಾ? ನಂಗೆ ಉಸಿರೇ ಇಲ್ಲ!"

"ಸರಿ, ನಾಳೆ ಕೇಳ್ತೀನಿ."

"ನಾಳೆ ಯಾಕೆ? ಬರ್ಲಿ ಅನ್ನು. ಆದ್ರೆ ನೀನು ಬಾಯಿ ಬಿಡ್ಬೇಡ, ದೊಡ್ಡವ್ರೇ ಮಾತಾಡ್ಲಿ."

ಅಷ್ಟಕ್ಕೇ ಆ ಮುಖದ ತುಂಬ ನಗು! ದೋಣಿಯ ಹುಟ್ಟಿನಿಂದಲೇ ಒಂದೇಟು ಬಿಡಬೇಕೆನಿಸಿತು. ಕೈ ಮಾತ್ರ ನನ್ನ ಮಾತು ಕೇಳದೆ, ಅವನ ಒದ್ದೆ ಹೆಗಲ ಮೇಲೆ ಹೋಗಿ ಕೂತಿತು.